ಬೇಡವೆಂದರೂ ಬರುವ ಕಡತ, ಬೇಕೆಂದರೂ ಬಾರದ ಕಡತ: ಗಿಟ್‌ಇಗ್ನೋರ್ ದೋಷ ಪತ್ತೆ

ಕಡತಗಳ ಬದಲಾವಣೆಗಳ ದಾಖಲೆ ಇಡುವ ತಂತ್ರಾಂಶ ಗಿಟ್. ಯಾವ ಕಡತಗಳನ್ನು ಬಿಡಬೇಕು ಎಂದು ಅದಕ್ಕೆ ಹೇಳುವ .ಗಿಟ್‌ಇಗ್ನೋರ್ ಕಡತದಲ್ಲಿ ಸಾಲು ಬರೆದಾಗಿದೆ, ಉಳಿಸಿಯೂ ಆಗಿದೆ. ಆದರೂ ಸ್ಥಿತಿ ತೋರಿಸುವ ಗಿಟ್ ಸ್ಟೇಟಸ್ ಆದೇಶ ಕೊಟ್ಟ ಕೂಡಲೇ ಅದೇ ಕಡತ ಕೆಂಪು ಅಕ್ಷರಗಳಲ್ಲಿ ಮತ್ತೆ ಎದುರಿಗೆ ಬಂದು ನಿಲ್ಲುತ್ತದೆ. ಆಗ ಹೆಚ್ಚಿನವರು ಮಾಡುವುದು ಒಂದೇ: ಸಾಲಿನ ಮುಂದೊಂದು ಓರೆಗೆರೆ (/) ಹಾಕಿ ನೋಡುತ್ತಾರೆ, ಹಿಂದೊಂದು ಹಾಕಿ ನೋಡುತ್ತಾರೆ, ಎರಡು ನಕ್ಷತ್ರ ಸೇರಿಸುತ್ತಾರೆ, ಅಳಿಸುತ್ತಾರೆ. ಅರ್ಧ ಗಂಟೆ ಹೋಗುತ್ತದೆ. ಕೊನೆಗೆ ಏನೋ ಒಂದು ಕೆಲಸ ಮಾಡಿದರೂ ಯಾವುದು ಎಂಬುದು ಗೊತ್ತಾಗುವುದಿಲ್ಲ.

ಹೀಗೆ ಊಹಿಸುತ್ತಾ ಕೂರುವ ಅಗತ್ಯವೇ ಇಲ್ಲ ಎಂದು ಹೇಳುವುದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ. ಯಾವ ಕಡತವನ್ನು ಯಾವ ಸಾಲಿನ ಕಾರಣಕ್ಕೆ ಬಿಟ್ಟೆ ಎಂಬುದನ್ನು ಗಿಟ್ ತಾನೇ ಹೇಳಬಲ್ಲದು. ಕೇಳುವ ಕ್ರಮ ತಿಳಿದಿದ್ದರೆ ಸಾಕು.

ನಮ್ಮದು ನಾಲ್ಕೈದು ಜನರ ಗುಂಪು. ಹಳೆಯ ಕನ್ನಡ ಪುಸ್ತಕಗಳ ಪುಟಗಳನ್ನು ಸ್ಕ್ಯಾನ್ ಮಾಡಿ, ಒಸಿಆರ್ (ಚಿತ್ರದಲ್ಲಿನ ಅಕ್ಷರಗಳನ್ನು ಗುರುತಿಸುವ ತಂತ್ರ) ಮೂಲಕ ಪಠ್ಯವಾಗಿಸಿ, ತಿದ್ದಿ ಒಂದು ಪುಟ್ಟ ಜಾಲತಾಣದಲ್ಲಿ ಇಡುವ ಕೆಲಸ ಮಾಡುತ್ತೇವೆ. ಪಠ್ಯ ಮಾತ್ರ ಗಿಟ್‌ನಲ್ಲಿರಬೇಕು. ಭಾರೀ ಗಾತ್ರದ ಚಿತ್ರಗಳು, ಯಂತ್ರ ಉಗುಳಿದ ತಾತ್ಕಾಲಿಕ ಕಡತಗಳು, ರಹಸ್ಯ ಕೀ ಇರುವ ಸಂರಚನಾ ಕಡತ ಹೊರಗಿರಬೇಕು. ಮುಂದಿನ ಉದಾಹರಣೆಗಳೆಲ್ಲ ಈ ಕೆಲಸದಲ್ಲಿ ನಮಗೆ ಎದುರಾದವು. ಆದೇಶಗಳನ್ನು ಇಲ್ಲಿ ಉಚ್ಚಾರಣೆಯಂತೆ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪಿಸಬೇಕು.

ಮೊದಲ ಪ್ರಶ್ನೆ: ಆ ಕಡತ ಈಗಾಗಲೇ ಲೆಕ್ಕಕ್ಕೆ ಸೇರಿದೆಯೇ?

ಗಿಟ್ ಸ್ಟೇಟಸ್‌ನ ಉತ್ತರವನ್ನು ಇನ್ನೊಮ್ಮೆ ನಿಧಾನವಾಗಿ ಓದಿ. ನಿಮಗೆ ಬೇಡವಾದ ಕಡತದ ಹೆಸರಿನ ಹಿಂದೆ 'ಮಾಡಿಫೈಡ್' ಎಂದಿದೆಯೇ, ಇಲ್ಲವೇ ಅದು 'ಅನ್‌ಟ್ರ್ಯಾಕ್ಡ್ ಫೈಲ್ಸ್' ಎಂಬ ತಲೆಬರಹದ ಕೆಳಗಿದೆಯೇ? ಎರಡೂ ಕೆಂಪಾಗಿಯೇ ಕಾಣುವುದರಿಂದ ಕಣ್ಣು ಈ ವ್ಯತ್ಯಾಸವನ್ನು ದಾಟಿಬಿಡುತ್ತದೆ. ಆದರೆ ಅರ್ಧ ರೋಗನಿರ್ಣಯ ಇಲ್ಲೇ ಮುಗಿಯುತ್ತದೆ.

.ಗಿಟ್‌ಇಗ್ನೋರ್ ಕೆಲಸ ಮಾಡುವುದು ಗಿಟ್ ಇನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದ ಕಡತಗಳ ಮೇಲೆ ಮಾತ್ರ. ಗಿಟ್‌ನ ಇಂಡೆಕ್ಸ್ ಎಂಬುದನ್ನು ಶಾಲೆಯ ಹಾಜರಿ ಪುಸ್ತಕ ಎಂದುಕೊಳ್ಳಿ. ಒಮ್ಮೆ ಹೆಸರು ಅದರಲ್ಲಿ ಬಿದ್ದರೆ, ಹೊರಗೆ ಗೇಟಿನಲ್ಲಿ 'ಪ್ರವೇಶವಿಲ್ಲ' ಎಂಬ ಫಲಕ ತೂಗುಹಾಕಿದರೂ ಒಳಗಿರುವವರ ಹಾಜರಿ ನಿಲ್ಲುವುದಿಲ್ಲ. 'ಮಾಡಿಫೈಡ್' ಎಂದು ಬಂದರೆ ಅದರ ಅರ್ಥ, ಹೆಸರು ಪುಸ್ತಕದಲ್ಲಿದೆ. ಆಗ ನೀವು ವಿನ್ಯಾಸದ ಸಾಲನ್ನು, ಅಂದರೆ ಬಿಡಬೇಕಾದ ಹೆಸರುಗಳ ಮಾದರಿಯನ್ನು, ಎಷ್ಟು ತಿದ್ದಿದರೂ ಫಲವಿಲ್ಲ. ಕಡತ ಕಮಿಟ್ ಆಗಿರಲೇಬೇಕೆಂದೂ, ಅಂದರೆ ಗಿಟ್‌ನ ಇತಿಹಾಸದಲ್ಲಿ ದಾಖಲಾಗಿರಲೇಬೇಕೆಂದೂ ಇಲ್ಲ. ಗಿಟ್ ಆ್ಯಡ್ ಒಮ್ಮೆ ಕೊಟ್ಟಿದ್ದರೆ ಸಾಕು, ಹೆಸರು ಸೇರಿದಂತೆಯೇ.

ಅನುಮಾನವಿದ್ದರೆ ಹೀಗೆ ಕೇಳಿ:

ಗಿಟ್ ಎಲ್‌ಎಸ್-ಫೈಲ್ಸ್ ಕಾನ್ಫಿಗ್.ಐಎನ್‌ಐ

ಕಡತದ ಹೆಸರು ತಿರುಗಿ ಬಂದರೆ ಅದು ಲೆಕ್ಕದಲ್ಲಿದೆ. ಏನೂ ಬಾರದಿದ್ದರೆ ಇಲ್ಲ. ಇಡೀ ರೆಪೊಸಿಟರಿಯಲ್ಲಿ (ಗಿಟ್ ನೋಡಿಕೊಳ್ಳುವ ಕಡತಗಳ ಸಂಗ್ರಹದಲ್ಲಿ) ಇಂಥವು ಎಷ್ಟಿವೆ, ಅಂದರೆ ಬಿಡಬೇಕೆಂಬ ನಿಯಮಕ್ಕೆ ಸಿಗುತ್ತಿದ್ದರೂ ಲೆಕ್ಕದಲ್ಲಿ ಉಳಿದಿರುವ ಕಡತಗಳು ಯಾವುವು ಎಂದು ಒಟ್ಟಿಗೆ ನೋಡಬೇಕಾದರೆ:

ಗಿಟ್ ಎಲ್‌ಎಸ್-ಫೈಲ್ಸ್ -ಐ -ಸಿ --ಎಕ್ಸ್‌ಕ್ಲೂಡ್-ಸ್ಟ್ಯಾಂಡರ್ಡ್

ಬೇರೆಯವರಿಂದ ವಹಿಸಿಕೊಂಡ ಯಾವ ರೆಪೊಸಿಟರಿಯಲ್ಲೇ ಆದರೂ ನಾನು ಮೊದಲ ದಿನವೇ ಓಡಿಸುವ ಆದೇಶ ಇದು.

ಲೆಕ್ಕದಿಂದ ತೆಗೆಯುವುದು, ಮತ್ತು ಅದರ ಅಪಾಯ

ಪರಿಹಾರ ಎಲ್ಲರಿಗೂ ಗೊತ್ತಿರುವಂಥದ್ದೇ:

ಗಿಟ್ ಆರ್‌ಎಂ --ಕ್ಯಾಶ್ಡ್ ಕಾನ್ಫಿಗ್.ಐಎನ್‌ಐ

ಫೋಲ್ಡರ್ ಆದರೆ ನಡುವೆ -ಆರ್ ಸೇರಿಸಬೇಕು. '--ಕ್ಯಾಶ್ಡ್' ಇದ್ದರೆ ಹೆಸರು ಇಂಡೆಕ್ಸ್‌ನಿಂದ ಮಾತ್ರ ಹೋಗುತ್ತದೆ, ಕಡತ ಡಿಸ್ಕ್‌ನಲ್ಲಿ ಉಳಿಯುತ್ತದೆ. ಆ ಪದ ಮರೆತರೆ ಕಡತವೇ ಅಳಿಸಿಹೋಗುತ್ತದೆ. ಬಳಿಕ ಕಮಿಟ್ ಮಾಡಿದರೆ ನಿಮ್ಮ ಕಂಪ್ಯೂಟರ್ ಮಟ್ಟಿಗೆ ಸಮಸ್ಯೆ ಮುಗಿಯಿತು.

ಆದರೆ ಇತರರ ಮಟ್ಟಿಗೆ ಅಲ್ಲ. ಇದನ್ನು ನಾವು ಕಲಿತದ್ದು ಒಂದು ಸಂಜೆ, ಜಾಲತಾಣ ನಿಂತುಹೋದಾಗ. ನಾನು ಮನೆಯಲ್ಲಿ ಕುಳಿತು ಕಾನ್ಫಿಗ್ ಕಡತವನ್ನು ಲೆಕ್ಕದಿಂದ ತೆಗೆದು ಪುಶ್ ಮಾಡಿದ್ದೆ, ಅಂದರೆ ಎಲ್ಲರೂ ಹಂಚಿಕೊಳ್ಳುವ ರೆಪೊಸಿಟರಿಗೆ ಕಳಿಸಿದ್ದೆ. ನನ್ನ ಡಿಸ್ಕ್‌ನಲ್ಲಿ ಕಡತ ಸುರಕ್ಷಿತವಾಗಿಯೇ ಇತ್ತು. ಸರ್ವರ್‌ನಲ್ಲಿ ಗೆಳೆಯರು ಎಂದಿನಂತೆ ಗಿಟ್ ಪುಲ್ ಕೊಟ್ಟು ಹೊಸ ಬದಲಾವಣೆಗಳನ್ನು ಇಳಿಸಿಕೊಂಡರು. ಹಿಂದಿನ ಕಮಿಟ್‌ನಲ್ಲಿ ಆ ಕಡತವಿದೆ, ಹೊಸ ಕಮಿಟ್‌ನಲ್ಲಿ ಇಲ್ಲ. ಗಿಟ್‌ನ ದೃಷ್ಟಿಯಲ್ಲಿ ಇದರರ್ಥ 'ಅಳಿಸು' ಎಂದೇ. ಅದು ಅಳಿಸಿತು. ತಾಣಕ್ಕೆ ಡೇಟಾಬೇಸ್‌ನ ವಿಳಾಸವೇ ಸಿಗಲಿಲ್ಲ.

ನಮ್ಮ ಸರ್ವರ್‌ನಲ್ಲಿದ್ದ ಪ್ರತಿ ಕಮಿಟ್‌ನಲ್ಲಿದ್ದುದರ ತದ್ರೂಪವಾಗಿತ್ತು, ಹಾಗಾಗಿ ಸದ್ದಿಲ್ಲದೆ ಅಳಿಯಿತು. ಅಲ್ಲಿ ಯಾರಾದರೂ ಒಂದಕ್ಷರ ಬದಲಿಸಿದ್ದರೂ, ಸ್ಥಳೀಯ ಬದಲಾವಣೆಗಳು ಹಾಳಾಗುತ್ತವೆ ಎಂದು ಗಿಟ್ ಪುಲ್ ಅನ್ನೇ ನಿಲ್ಲಿಸುತ್ತಿತ್ತು. ಕಡತವನ್ನು ಹಿಂದಕ್ಕೆ ತರುವುದು ಕಷ್ಟವಾಗಲಿಲ್ಲ. ಹಿಂದಿನ ಕಮಿಟ್‌ನಲ್ಲಿ ಅದು ಇದ್ದೇ ಇತ್ತು:

ಗಿಟ್ ಶೋ ಹೆಡ್~1:ಕಾನ್ಫಿಗ್.ಐಎನ್‌ಐ > ಕಾನ್ಫಿಗ್.ಐಎನ್‌ಐ

ಅಂದಿನಿಂದ ನಮ್ಮಲ್ಲಿ ಒಂದು ನಿಯಮವಿದೆ. ಯಾವುದೇ ಕಡತವನ್ನು ಲೆಕ್ಕದಿಂದ ತೆಗೆಯುವ ಮೊದಲು ಎಲ್ಲರಿಗೂ ಸಂದೇಶ ಹೋಗುತ್ತದೆ; ಎಲ್ಲರೂ ತಮ್ಮ ಪ್ರತಿಯನ್ನು ರೆಪೊಸಿಟರಿಯ ಹೊರಗೆ ಎಲ್ಲಾದರೂ ನಕಲು ಮಾಡಿಟ್ಟ ಮೇಲೆಯೇ ಪುಲ್ ಮಾಡುತ್ತಾರೆ. ಗಿಟ್‌ನಲ್ಲಿ ಈಗ ಇರುವುದು 'ಕಾನ್ಫಿಗ್.ಮಾದರಿ' ಎಂಬ ಕಡತ, ಅದರಲ್ಲಿ ಖಾಲಿ ಜಾಗಗಳಿವೆ. ನಿಜವಾದ ಕಾನ್ಫಿಗ್ ಪ್ರತಿಯೊಬ್ಬರ ಯಂತ್ರದಲ್ಲಿ ಪ್ರತ್ಯೇಕ, ಮತ್ತು .ಗಿಟ್‌ಇಗ್ನೋರ್‌ನಲ್ಲಿ ನಮೂದಾಗಿದೆ.

ಇದಕ್ಕೆ ಬದಲು 'ಅಸ್ಯೂಮ್-ಅನ್‌ಚೇಂಜ್ಡ್' ಅಥವಾ 'ಸ್ಕಿಪ್-ವರ್ಕ್‌ಟ್ರೀ' ಎಂಬ ಗುರುತು ಹಚ್ಚಿ ಎಂಬ ಸಲಹೆ ಬೇಕಾದಷ್ಟು ಕಡೆ ಸಿಗುತ್ತದೆ. ನಾನು ಅದನ್ನು ಯಾರಿಗೂ ಹೇಳುವುದಿಲ್ಲ. ಲೆಕ್ಕದಲ್ಲಿರುವ ಕಡತದ ಬದಲಾವಣೆಗಳನ್ನು ಮುಚ್ಚಿಡುವುದಕ್ಕೆ ಇವು ಹೇಳಿಮಾಡಿಸಿದವಲ್ಲ ಎಂದು ಗಿಟ್‌ನ ಅಧಿಕೃತ ಕೈಪಿಡಿಯೇ ಹೇಳುತ್ತದೆ. ಗುರುತು ನಿಮ್ಮ ಯಂತ್ರದಲ್ಲಿ ಮಾತ್ರ ಇರುತ್ತದೆ, ಆರು ತಿಂಗಳ ಬಳಿಕ ನಿಮಗೇ ಮರೆತಿರುತ್ತದೆ, ಬ್ರಾಂಚ್ (ಕೆಲಸದ ಪ್ರತ್ಯೇಕ ಕವಲು) ಬದಲಿಸುವಾಗ ಅರ್ಥವಾಗದ ದೋಷ ಸಂದೇಶವಾಗಿ ಎದ್ದು ಬರುತ್ತದೆ.

ಲೆಕ್ಕದಿಂದ ತೆಗೆದ ಕಡತದಲ್ಲಿ ರಹಸ್ಯ ಕೀ ಇದ್ದು ಅದು ಒಮ್ಮೆ ಪುಶ್ ಆಗಿದ್ದರೆ, ಇಲ್ಲಿ ಹೇಳಿದ ಯಾವುದೂ ಸಾಲದು. ಹಳೆಯ ಕಮಿಟ್‌ಗಳಲ್ಲಿ ಅದು ಹಾಗೆಯೇ ಕುಳಿತಿರುತ್ತದೆ. ಮೊದಲು ಆ ಕೀಯನ್ನು ರದ್ದುಮಾಡಿ ಹೊಸದು ಪಡೆಯಿರಿ. ಇತಿಹಾಸ ತೊಳೆಯುವ 'ಗಿಟ್ ಫಿಲ್ಟರ್-ರೆಪೊ' ಎಂಬ ಉಪಕರಣದ ವಿಚಾರ ಆಮೇಲೆ.

ಎರಡನೆಯ ಪ್ರಶ್ನೆ: ಯಾವ ಸಾಲು?

ಕಡತ ಲೆಕ್ಕದಲ್ಲಿ ಇಲ್ಲ ಎಂದು ಖಚಿತವಾದ ಮೇಲೆ ನಿಯಮಗಳ ಕಡೆ ತಿರುಗಬೇಕು. 2013ರಲ್ಲಿ ಬಂದ 1.8.2ನೇ ಆವೃತ್ತಿಯಿಂದ ಗಿಟ್‌ನಲ್ಲಿ ಇದಕ್ಕೆಂದೇ ಒಂದು ಆದೇಶವಿದೆ:

ಗಿಟ್ ಚೆಕ್-ಇಗ್ನೋರ್ -ವಿ ಲಾಗ್ಸ್/ಇಂದು.ಲಾಗ್

ಉತ್ತರ ಹೀಗಿರುತ್ತದೆ:

.ಗಿಟ್‌ಇಗ್ನೋರ್:4:*.ಲಾಗ್    ಲಾಗ್ಸ್/ಇಂದು.ಲಾಗ್

ಯಾವ ಕಡತದ, ಎಷ್ಟನೆಯ ಸಾಲಿನ, ಯಾವ ವಿನ್ಯಾಸ ಎಂಬ ಮೂರೂ ಒಂದೇ ಸಾಲಿನಲ್ಲಿ. ಉತ್ತರವೇ ಬಾರದಿದ್ದರೆ ಯಾವ ನಿಯಮವೂ ಆ ಕಡತವನ್ನು ಮುಟ್ಟುತ್ತಿಲ್ಲ ಎಂದರ್ಥ. ವಿನ್ಯಾಸದ ಮುಂದೆ ಆಶ್ಚರ್ಯಸೂಚಕ ಚಿಹ್ನೆ ಇದ್ದರೆ, ಆ ಕಡತವನ್ನು ಬಿಡದಂತೆ ತಡೆದಿರುವುದು ಆ ಸಾಲೇ. ಇಲ್ಲೊಂದು ಎಡವುವ ಕಲ್ಲಿದೆ: ಲೆಕ್ಕದಲ್ಲಿರುವ ಕಡತದ ಬಗ್ಗೆ ಕೇಳಿದರೆ ಈ ಆದೇಶ ಮೌನವಾಗಿರುತ್ತದೆ, ನಿಯಮ ಸರಿಯಾಗಿದ್ದರೂ ಸರಿ. ಆ ಮೌನವನ್ನು 'ನನ್ನ ಸಾಲು ತಪ್ಪು' ಎಂದು ಓದಿಕೊಂಡವರು ಬಹಳ ಮಂದಿ. ಮೊದಲ ಪ್ರಶ್ನೆಯನ್ನು ಮೊದಲೇ ಕೇಳಬೇಕು ಎಂದು ಒತ್ತಿ ಹೇಳಿದ್ದು ಇದಕ್ಕೇ. '--ನೋ-ಇಂಡೆಕ್ಸ್' ಸೇರಿಸಿದರೆ ಲೆಕ್ಕವನ್ನು ಬದಿಗಿಟ್ಟು ನಿಯಮವನ್ನಷ್ಟೇ ನೋಡಿ ಹೇಳುತ್ತದೆ.

ನಿಯಮ ತಾಗುತ್ತಿಲ್ಲವಾದರೆ ತಪ್ಪು ಸಾಮಾನ್ಯವಾಗಿ ಓರೆಗೆರೆಯಲ್ಲಿರುತ್ತದೆ. 'ಬಿಲ್ಡ್' ಎಂದಷ್ಟೇ ಬರೆದರೆ ಆ ಹೆಸರಿನ ಕಡತವಾಗಲಿ ಫೋಲ್ಡರ್ ಆಗಲಿ ಯಾವ ಆಳದಲ್ಲಿದ್ದರೂ ಸಿಗುತ್ತದೆ. '/ಬಿಲ್ಡ್' ಎಂದರೆ .ಗಿಟ್‌ಇಗ್ನೋರ್ ಇರುವ ಜಾಗದಲ್ಲಿ ಮಾತ್ರ. 'ಬಿಲ್ಡ್/' ಎಂದರೆ ಫೋಲ್ಡರ್ ಮಾತ್ರ, ಎಲ್ಲಿದ್ದರೂ. ಜನ ಬೀಳುವುದು ನಾಲ್ಕನೆಯದರಲ್ಲಿ: 'ಡಾಕ್ಸ್/ಬಿಲ್ಡ್'. ನಡುವೆ ಓರೆಗೆರೆ ಬಂದ ಕೂಡಲೇ ವಿನ್ಯಾಸ .ಗಿಟ್‌ಇಗ್ನೋರ್ ಇರುವ ಜಾಗಕ್ಕೆ ಕಟ್ಟಿಬೀಳುತ್ತದೆ, ಮುಂದೆ ಓರೆಗೆರೆ ಇಲ್ಲದಿದ್ದರೂ. 'ಪುಸ್ತಕ1/ಡಾಕ್ಸ್/ಬಿಲ್ಡ್' ಅದಕ್ಕೆ ಸಿಗುವುದಿಲ್ಲ. ಎಲ್ಲ ಆಳದಲ್ಲೂ ಬೇಕಾದರೆ '**/ಡಾಕ್ಸ್/ಬಿಲ್ಡ್' ಎಂದು ಬರೆಯಬೇಕು.

ನಮ್ಮ ಸ್ಕ್ಯಾನ್ ಚಿತ್ರಗಳು ಬೇರೆ ಹಾರ್ಡ್‌ಡಿಸ್ಕ್‌ನಲ್ಲಿದ್ದವು. ರೆಪೊಸಿಟರಿಯೊಳಗೆ ಅದರತ್ತ ತೋರಿಸುವ 'ಸ್ಕ್ಯಾನ್ಸ್' ಎಂಬ ಸಾಂಕೇತಿಕ ಕೊಂಡಿ (ಸಿಮ್‌ಲಿಂಕ್) ಮಾತ್ರ ಇತ್ತು. 'ಸ್ಕ್ಯಾನ್ಸ್/' ಎಂದು ಬರೆದಿದ್ದೆವು, ಅದು ತಾಗಲಿಲ್ಲ. ಕೊಂಡಿ ಫೋಲ್ಡರ್‌ನಂತೆ ಕಂಡರೂ, ಒಳಹೊಕ್ಕು ನೋಡಬಹುದಾದರೂ, ಗಿಟ್‌ಗೆ ಅದು ಫೋಲ್ಡರ್ ಅಲ್ಲ. ಕೊನೆಯ ಓರೆಗೆರೆ ತೆಗೆದ ಮೇಲೆ ಸರಿಹೋಯಿತು.

ವಿಂಡೋಸ್ ಬಳಸುವವರು ಅಭ್ಯಾಸದಿಂದ ಹಿಮ್ಮುಖ ಓರೆಗೆರೆ ಹಾಕುತ್ತಾರೆ. ಇಲ್ಲಿ ಅದು ದಾರಿ ಬೇರ್ಪಡಿಸುವ ಚಿಹ್ನೆಯಲ್ಲ. ಮುಂದಿನ ಅಕ್ಷರಕ್ಕೆ ವಿಶೇಷ ಅರ್ಥ ಬೇಡ ಎಂಬ ಸೂಚನೆ. ಹಾಗೆಯೇ, ಸಾಲಿನ ಕೊನೆಯಲ್ಲಿ ಟಿಪ್ಪಣಿ ಬರೆಯುವಂತಿಲ್ಲ. '*.ಟಿಎಂಪಿ # ತಾತ್ಕಾಲಿಕ' ಎಂದರೆ ಆ ಟಿಪ್ಪಣಿಯೂ ವಿನ್ಯಾಸದ ಭಾಗವೇ ಆಗುತ್ತದೆ. ಟಿಪ್ಪಣಿಗೆ ಬೇರೆ ಸಾಲು ಬೇಕು, ಸಾಲಿನ ಮೊದಲ ಅಕ್ಷರವೇ # ಆಗಿರಬೇಕು. ಸಾಲಿನ ಆರಂಭದಲ್ಲಿ ಜಾಗ ಬಿಟ್ಟಿದ್ದರೆ ಆ ಖಾಲಿ ಜಾಗವೂ ಎಣಿಕೆಗೆ ಬರುತ್ತದೆ.

ಎಲ್ಲ ಸಾಲುಗಳೂ ಸರಿಯಿದ್ದು ಒಂದೂ ಕೆಲಸ ಮಾಡದಿದ್ದರೆ ಸಾಲುಗಳನ್ನು ಬಿಟ್ಟು ಕಡತವನ್ನೇ ಅನುಮಾನಿಸಿ. ನೋಟ್‌ಪ್ಯಾಡ್ ಅದನ್ನು '.ಗಿಟ್‌ಇಗ್ನೋರ್.ಟಿಎಕ್ಸ್‌ಟಿ' ಎಂದು ಉಳಿಸಿರಬಹುದು. ವಿಂಡೋಸ್ ಬಾಲವನ್ನು ಮರೆಮಾಡುವುದರಿಂದ ಕಾಣುವುದಿಲ್ಲ. ಇನ್ನೊಂದು, ವಿಂಡೋಸ್‌ನೊಂದಿಗೇ ಬರುವ ಪವರ್‌ಶೆಲ್ 5.1ರಲ್ಲಿ 'ಎಕೋ' ಕೊಟ್ಟು > ಚಿಹ್ನೆಯಿಂದ ಕಡತ ಸೃಷ್ಟಿಸಿದರೆ ಅದು ಯುಟಿಎಫ್-16 ಎಂಬ ಅಕ್ಷರ ಸಂಕೇತದಲ್ಲಿ ಬರೆಯುತ್ತದೆ. ಎಡಿಟರ್‌ನಲ್ಲಿ ಚೊಕ್ಕಟವಾಗಿ ಕಾಣುತ್ತದೆ, ಗಿಟ್‌ಗೆ ಅರ್ಥವಾಗುವುದಿಲ್ಲ, ದೋಷ ಸಂದೇಶವೂ ಇಲ್ಲ. ಪತ್ತೆ ಹಚ್ಚುವ ದಾರಿ: ಗಿಟ್ ಡಿಫ್ ಅದನ್ನು ಬೈನರಿ ಕಡತ ಎಂದು ಕರೆಯುತ್ತದೆ. ಯುಟಿಎಫ್-8ರಲ್ಲಿ ಮತ್ತೆ ಉಳಿಸಿದರೆ ಮುಗಿಯಿತು.

ತಿರುಗಿದ ದೋಷ: ಬೇಕಾದದ್ದೇ ಕಾಣೆ

ಇದು ಹೆಚ್ಚು ಅಪಾಯಕಾರಿ. ಬೇಡದ ಕಡತ ಬಂದರೆ ಕಣ್ಣಿಗೆ ಬೀಳುತ್ತದೆ. ಬೇಕಾದ ಕಡತ ಸೇರದೇ ಹೋದರೆ, ಇನ್ನೊಬ್ಬರು ರೆಪೊಸಿಟರಿಯನ್ನು ಕ್ಲೋನ್ (ನಕಲು) ಮಾಡಿ 'ನನ್ನ ಬಳಿ ಓಡುತ್ತಿಲ್ಲ' ಎನ್ನುವವರೆಗೆ ಗೊತ್ತೇ ಆಗುವುದಿಲ್ಲ.

ನಾವು ಬರೆದಿದ್ದ ಎರಡು ಸಾಲುಗಳು ಇವು:

ಔಟ್‌ಪುಟ್/
!ಔಟ್‌ಪುಟ್/ಸೂಚಿ.ಸಿಎಸ್‌ವಿ

ಯಂತ್ರ ಹೊರಡಿಸಿದ್ದೆಲ್ಲ ಬೇಡ, ಪುಸ್ತಕಗಳ ಸೂಚಿ ಮಾತ್ರ ಇರಲಿ ಎಂಬ ಉದ್ದೇಶ. ಓದಿದರೆ ಸರಿಯಾಗಿಯೇ ಇದೆ. ಆದರೆ ಮೊದಲ ಸಾಲಿನಲ್ಲಿ ಫೋಲ್ಡರ್ ಅನ್ನೇ ಬಿಡು ಎಂದಿದ್ದೇವೆ. ಸಮಯ ಉಳಿಸಲು ಗಿಟ್ ಆ ಫೋಲ್ಡರ್‌ನ ಒಳಗೆ ಕಾಲಿಡುವುದೇ ಇಲ್ಲ. ಒಳಗಿರುವ ಸೂಚಿಗೆ ಎರಡನೆಯ ಸಾಲಿನ ಅಭಯ ಸಿಗುವ ಸಂದರ್ಭವೇ ಬರುವುದಿಲ್ಲ. ಮೇಲಿನ ಫೋಲ್ಡರ್ ಹೊರಗಿದ್ದರೆ ಅದರ ಒಳಗಿನ ಕಡತವನ್ನು ಮತ್ತೆ ಸೇರಿಸಿಕೊಳ್ಳಲಾಗದು. ಹಾಗಾಗಿ ಫೋಲ್ಡರ್ ಬಿಟ್ಟು ಅದರ ಒಳಗಿನದ್ದನ್ನು ಹೆಸರಿಸಬೇಕು:

ಔಟ್‌ಪುಟ್/*
!ಔಟ್‌ಪುಟ್/ಸೂಚಿ.ಸಿಎಸ್‌ವಿ

ಕಡತ ಇನ್ನೂ ಆಳದಲ್ಲಿದ್ದರೆ ಪ್ರತಿ ಮೆಟ್ಟಿಲಿನ ಬಾಗಿಲನ್ನೂ ಹೀಗೇ ಒಂದೊಂದಾಗಿ ತೆರೆಯಬೇಕು. ಸಾಲುಗಳ ಕ್ರಮವೂ ಮುಖ್ಯ: ಒಂದೇ ಕಡತದೊಳಗೆ ಕೊನೆಗೆ ತಾಗಿದ ಸಾಲಿನದೇ ತೀರ್ಪು.

ಚೆಕ್-ಇಗ್ನೋರ್ ಕೆಲವೊಮ್ಮೆ ನೀವು ಕಂಡೇ ಇಲ್ಲದ ಕಡತದ ಹೆಸರು ಹೇಳುತ್ತದೆ. ಗಾಬರಿ ಬೇಡ. ಗಿಟ್ ನಿಯಮಗಳನ್ನು ಓದುವ ಜಾಗಗಳು ಮೂರು. ಎಲ್ಲರೂ ಹಂಚಿಕೊಳ್ಳುವ .ಗಿಟ್‌ಇಗ್ನೋರ್ ಒಂದು, ಇದು ಪ್ರತಿ ಫೋಲ್ಡರ್‌ನಲ್ಲೂ ಇರಬಹುದು, ಒಳಗಿನದ್ದಕ್ಕೆ ಹೊರಗಿನದ್ದಕ್ಕಿಂತ ಹೆಚ್ಚು ಅಧಿಕಾರ. ಎರಡನೆಯದು '.ಗಿಟ್/ಇನ್ಫೋ/ಎಕ್ಸ್‌ಕ್ಲೂಡ್', ಆ ಒಂದು ರೆಪೊಸಿಟರಿಗೆ, ನಿಮಗೆ ಮಾತ್ರ. ಮೂರನೆಯದು 'ಕೋರ್.ಎಕ್ಸ್‌ಕ್ಲೂಡ್ಸ್‌ಫೈಲ್' ಸೂಚಿಸುವ ಕಡತ, ನಿಮ್ಮ ಯಂತ್ರದ ಎಲ್ಲ ರೆಪೊಸಿಟರಿಗಳಿಗೂ ಅನ್ವಯ. ಹೇಳದಿದ್ದರೆ ಹೋಮ್ ಫೋಲ್ಡರ್‌ನ '.ಕಾನ್ಫಿಗ್/ಗಿಟ್/ಇಗ್ನೋರ್'. ವರ್ಷಗಳ ಹಿಂದೆ ಯಾವುದೋ ಪಾಠ ನೋಡಿ ಈ ಮೂರನೆಯದರಲ್ಲಿ '*.ಸಿಎಸ್‌ವಿ' ಎಂದು ಬರೆದು ಮರೆತಿದ್ದರೆ, ಇಂದು ಕಾಡುವುದು ಅದೇ. ನಿಯಮ ಹಾಗೆಯೇ ಇರಲಿ, ಈ ಒಂದು ಕಡತ ಮಾತ್ರ ಸೇರಲಿ ಎಂದಾದರೆ 'ಗಿಟ್ ಆ್ಯಡ್ -ಎಫ್' ಸಾಕು.

ಬಿಟ್ಟ ಕಡತಗಳನ್ನು ಗಿಟ್ ಕಳೆದುಹೋದರೂ ಚಿಂತೆಯಿಲ್ಲದ ವಸ್ತು ಎಂದು ಭಾವಿಸುತ್ತದೆ ಎಂಬುದೂ ನೆನಪಿರಲಿ. ನೀವು ಹೋಗುವ ಬ್ರಾಂಚ್‌ನಲ್ಲಿ ಅದೇ ಹೆಸರಿನ ಕಡತ ಲೆಕ್ಕದಲ್ಲಿದ್ದರೆ, ನಿಮ್ಮ ಪ್ರತಿಯ ಮೇಲೆ ಕೇಳದೆಯೇ ಬರೆಯುತ್ತದೆ. 'ಗಿಟ್ ಕ್ಲೀನ್' ಇನ್ನೂ ನೇರ: ಸಣ್ಣ ಎಕ್ಸ್ ಕೊಟ್ಟರೆ ಬಿಟ್ಟವೂ ಲೆಕ್ಕಕ್ಕೆ ಸೇರದವೂ ಎರಡೂ ಹೋಗುತ್ತವೆ, ದೊಡ್ಡ ಎಕ್ಸ್ ಕೊಟ್ಟರೆ ಬಿಟ್ಟವು ಮಾತ್ರ. ನಮ್ಮ ಕಾನ್ಫಿಗ್ ಎರಡರಲ್ಲೂ ಹೋಗುತ್ತದೆ. ಅಳಿಸದೆ ಪಟ್ಟಿ ಮಾತ್ರ ತೋರಿಸುವ -ಎನ್ ಅನ್ನು ಮೊದಲು ಕೊಟ್ಟು ನೋಡದೆ ಈ ಆದೇಶವನ್ನು ಎಂದೂ ಓಡಿಸಬೇಡಿ.

ಕನ್ನಡ ಹೆಸರಿನ ಕಡತಗಳು

ಇದರ ಬಗ್ಗೆ ಕನ್ನಡದಲ್ಲಿ ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ, ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಒಸಿಆರ್ ತಾತ್ಕಾಲಿಕವಾಗಿ ಹೊರಡಿಸುವ ತುಣುಕುಗಳಿಗೆ ನಮ್ಮಲ್ಲಿ 'ಕೋಶ' ಎಂಬ ಫೋಲ್ಡರ್ ಇತ್ತು. ಗಿಟ್ ಸ್ಟೇಟಸ್‌ನಲ್ಲಿ ಅದು ಕಾಣುತ್ತಿದ್ದುದು ಹೀಗೆ:

"\340\262\225\340\263\213\340\262\266/"

ಹೊಸದಾಗಿ ಸೇರಿದವರೊಬ್ಬರು ಇದನ್ನೇ ನಕಲು ಮಾಡಿ .ಗಿಟ್‌ಇಗ್ನೋರ್‌ಗೆ ಅಂಟಿಸಿದ್ದರು. ಸಹಜವೇ, ಗಿಟ್ ತೋರಿಸಿದ ಹೆಸರು ಅದೇ ತಾನೆ. ಆದರೆ .ಗಿಟ್‌ಇಗ್ನೋರ್‌ನಲ್ಲಿ ಹಿಮ್ಮುಖ ಓರೆಗೆರೆ ಮುಂದಿನ ಅಂಕಿಯನ್ನು ಬರಿಯ ಅಂಕಿಯಾಗಿಸುತ್ತದೆ. ಗಿಟ್ ಹುಡುಕುವುದು ಉದ್ಧರಣ ಚಿಹ್ನೆಗಳ ನಡುವೆ 340262225 ಎಂದು ಶುರುವಾಗುವ ಫೋಲ್ಡರ್ ಅನ್ನು. ಆ ಸಂಖ್ಯೆಗಳು ಯುಟಿಎಫ್-8ರ ಬೈಟ್‌ಗಳ ಅಷ್ಟಮಾನ ರೂಪ. ಮೂರು ಮೂರರಂತೆ ಓದಿದರೆ ಕ, ಓಕಾರದ ಚಿಹ್ನೆ, ಶ. ಹೆಸರುಗಳನ್ನು ಕನ್ನಡದಲ್ಲೇ ನೋಡಲು:

ಗಿಟ್ ಕಾನ್ಫಿಗ್ --ಗ್ಲೋಬಲ್ ಕೋರ್.ಕ್ವೋಟ್‌ಪಾತ್ ಫಾಲ್ಸ್

ಆಮೇಲೆ .ಗಿಟ್‌ಇಗ್ನೋರ್‌ನಲ್ಲಿ 'ಕೋಶ/' ಎಂದು ಕನ್ನಡದಲ್ಲೇ ಬರೆದೆವು. ಮೂರು ಯಂತ್ರಗಳಲ್ಲಿ ಸರಿಯಾಯಿತು, ಒಂದರಲ್ಲಿ ಆಗಲಿಲ್ಲ. ಎರಡು ಪರದೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೂ ಎರಡೂ 'ಕೋಶ'ವೇ. ಆಗ ನೆರವಿಗೆ ಬಂದದ್ದು ನಾವು ಬೇಡವೆಂದು ಮುಚ್ಚಿದ್ದ ಆ ಸಂಖ್ಯೆಗಳೇ. ಕ್ವೋಟ್‌ಪಾತ್ ಅನ್ನು ಮತ್ತೆ ತೆರೆದು ನೋಡಿದರೆ ನಾಲ್ಕನೆಯ ಯಂತ್ರದ ಹೆಸರು ಬಹಳ ಉದ್ದವಿತ್ತು. ಯೂನಿಕೋಡ್‌ನಲ್ಲಿ ಓಕಾರವನ್ನು ಒಂದೇ ಚಿಹ್ನೆಯಾಗಿಯೂ ಬರೆಯಬಹುದು. ಎಕಾರ, ಊಕಾರ, ದೀರ್ಘದ ಕೊಂಬು ಎಂದು ಮೂರು ತುಂಡಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಬೈಟ್‌ಗಳಲ್ಲಿ ಒಂದು 'ಕೋಶ' 9, ಇನ್ನೊಂದು 15. ಗಿಟ್ ವಿನ್ಯಾಸವನ್ನು ಹೋಲಿಸುವುದು ಬೈಟ್‌ಗಳನ್ನು. ಹಳೆಯ ಮ್ಯಾಕ್‌ಗಳ ಎಚ್‌ಎಫ್‌ಎಸ್ ಪ್ಲಸ್ ಕಡತ ವ್ಯವಸ್ಥೆ ಹೆಸರುಗಳನ್ನು ಹೀಗೆ ಬಿಡಿಸಿಯೇ ಇಡುತ್ತಿತ್ತು, ಮತ್ತು ನಮ್ಮ ಆ ಫೋಲ್ಡರ್ ಅಂಥ ಒಂದು ಯಂತ್ರದಿಂದ ಜಿಪ್ ಆಗಿ ಬಂದಿತ್ತು.

ಇದೇ ಜಾತಿಯ ಇನ್ನೊಂದು ದೋಷವೆಂದರೆ ಪದದ ಕೊನೆಯ ಅರ್ಧಾಕ್ಷರದ ಬಳಿಕ ಕುಳಿತ ಶೂನ್ಯ ಅಗಲದ ಚಿಹ್ನೆ. 'ಸ್ಕ್ಯಾನ್‌ಗಳು' ಎಂದು ಬರೆಯುವಾಗ ಒತ್ತಕ್ಷರವಾಗದಂತೆ ತಡೆಯಲು ಅದನ್ನು ಬಳಸುತ್ತೇವೆ. 'ಸ್ಕ್ಯಾನ್' ಎಂದು ನಿಲ್ಲಿಸಿದಾಗಲೂ ಬೆರಳು ಅಭ್ಯಾಸಬಲದಿಂದ ಅದನ್ನು ಒತ್ತಿಬಿಟ್ಟರೆ ಕಣ್ಣಿಗೆ ಕಾಣುವುದಿಲ್ಲ, ಹೆಸರು ಮಾತ್ರ ಬೇರೆಯಾಗಿಬಿಡುತ್ತದೆ. ಸಂಖ್ಯೆಗಳ ಸಾಲಿನಲ್ಲಿ \342\200\214 ಕಂಡರೆ ಅದೇ ಎಂದು ತಿಳಿಯಿರಿ.

ಇಂಥಲ್ಲಿ ಹೆಸರನ್ನು ಕೈಯಿಂದ ಟೈಪಿಸದೆ ಗಿಟ್‌ನಿಂದಲೇ ಬರೆಯಿಸುವುದು ಸುರಕ್ಷಿತ:

ಗಿಟ್ -ಸಿ ಕೋರ್.ಕ್ವೋಟ್‌ಪಾತ್=ಫಾಲ್ಸ್ ಎಲ್‌ಎಸ್-ಫೈಲ್ಸ್ -ಓ --ಡೈರೆಕ್ಟರಿ --ಎಕ್ಸ್‌ಕ್ಲೂಡ್-ಸ್ಟ್ಯಾಂಡರ್ಡ್ >> .ಗಿಟ್‌ಇಗ್ನೋರ್

ಇದು ಲೆಕ್ಕಕ್ಕೆ ಸೇರದ ಎಲ್ಲ ಹೆಸರುಗಳನ್ನೂ ಡಿಸ್ಕ್‌ನಲ್ಲಿರುವ ಬೈಟ್‌ಗಳಲ್ಲೇ ಸುರಿಯುತ್ತದೆ. ಬೇಡದ ಸಾಲುಗಳನ್ನು ಎಡಿಟರ್‌ನಲ್ಲಿ ಅಳಿಸಿಕೊಳ್ಳಿ. ಪವರ್‌ಶೆಲ್ 5.1ರಲ್ಲಿ ಮಾತ್ರ ಬೇಡ, ಕಾರಣ ಮೇಲೆ ಹೇಳಿದ್ದೇ. ವಿಂಡೋಸ್‌ನಲ್ಲಿ ಗಿಟ್ ಬ್ಯಾಷ್ ತೆರೆದು ಓಡಿಸಿ. ನಾವು ಕೊನೆಗೆ ಮಾಡಿದ್ದು ಇನ್ನೂ ಸರಳ. ಪುಸ್ತಕಗಳ ಪಠ್ಯವಿರುವ ಕಡತಗಳ ಹೆಸರು ಕನ್ನಡದಲ್ಲೇ ಉಳಿದಿದೆ, ಅದನ್ನು ಬದಲಿಸುವ ಮಾತೇ ಇಲ್ಲ. ಯಂತ್ರ ಹೊರಡಿಸುವ ಎಲ್ಲವನ್ನೂ 'ಟೆಂಪ್' ಎಂಬ ಇಂಗ್ಲಿಷ್ ಹೆಸರಿನ ಒಂದೇ ಫೋಲ್ಡರ್‌ನೊಳಗೆ ಸರಿಸಿ, .ಗಿಟ್‌ಇಗ್ನೋರ್‌ನಲ್ಲಿ '/ಟೆಂಪ್/' ಎಂದು ಬರೆದಿದ್ದೇವೆ. ಅದರ ಒಳಗೆ 'ಕೋಶ' ಯಾವ ರೂಪದಲ್ಲಿದ್ದರೂ ಗಿಟ್ ಅಲ್ಲಿಗೆ ಕಾಲಿಡುವುದಿಲ್ಲ.